ಇಳಿಜಾರಿನ ಟ್ರ್ಯಾಕ್‌ಗೆ ಹಾರ್ಡ್‌ಟೇಲ್ ಸಾಕಾ? ಕಾಫಿ ತೋಟದ ಇಳಿಕೆ, 120 ಎಂಎಂ ಫೋರ್ಕ್

ಕಳಸದಕಡೆಯವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಊರು ಕಳಸದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಎರಡು ವಾರಕ್ಕೊಮ್ಮೆ ಊರಿಗೆ ಹೋಗ್ತೀನಿ. ಮೂರು ವರ್ಷದಿಂದ ಹಾರ್ಡ್‌ಟೇಲ್, ಅಂದ್ರೆ ಮುಂದೆ ಮಾತ್ರ ಸಸ್ಪೆನ್ಶನ್ ಇರೋ ಸೈಕಲ್, ಓಡಿಸ್ತಿದೀನಿ. 29 ಇಂಚಿನ ಚಕ್ರ, ಅಲ್ಯೂಮಿನಿಯಂ ಫ್ರೇಮ್, ಮುಂದೆ 120 ಎಂಎಂ ಕುಗ್ಗೋ ಏರ್ ಫೋರ್ಕ್ (ಗಾಳಿ ತುಂಬಿದ ಸಸ್ಪೆನ್ಶನ್), ಥ್ರೂ ಆಕ್ಸಲ್ (ತೂತಿನೊಳಗೆ ತೂರಿಸೋ ದಪ್ಪ ಅಚ್ಚು). ಹೈಡ್ರಾಲಿಕ್ ಡಿಸ್ಕ್, ರೋಟರ್ (ಬ್ರೇಕ್ ಹಿಡಿಯೋ ತಟ್ಟೆ) ಮುಂದೆ 180, ಹಿಂದೆ 160 ಎಂಎಂ. ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ಎಷ್ಟು ಓರೆ ಅನ್ನೋದು) 67 ಡಿಗ್ರಿ. ಡ್ರಾಪರ್ ಪೋಸ್ಟ್ (ಓಡಿಸ್ತಾನೇ ಸೀಟ್ ತಗ್ಗಿಸೋ ಕಂಬ) ಇಲ್ಲ. ಟೈರ್ 2.25 ಇಂಚು ಅಗಲ, ಒಳಗೆ ಟ್ಯೂಬ್. ನನ್ನ ತೂಕ 74 ಕೆಜಿ.

ಅತ್ತೆ ಮಗ ಮತ್ತು ಅವನ ಗೆಳೆಯ ಸೇರಿ ಅವರ ಕಾಫಿ ತೋಟದಲ್ಲಿ ಎರಡು ಬೇಸಿಗೆ ಗುದ್ದಲಿ, ಪಿಕಾಸಿ ಹಿಡಿದು ಒಂದು ಡೌನ್‌ಹಿಲ್ ಟ್ರ್ಯಾಕ್ ಮಾಡಿದಾರೆ. ಗುಡ್ಡದ ನೆತ್ತಿಯ ಹುಲ್ಲಿನಿಂದ ಶುರು, ಕಾಫಿ ಒಣಗಿಸೋ ಕಣದಲ್ಲಿ ಮುಗಿಯುತ್ತೆ. ನನ್ನ ವಾಚ್ ಪ್ರಕಾರ 1.6 ಕಿಲೋಮೀಟರ್, 210 ಮೀಟರ್ ಇಳಿಕೆ. ಮೇಲೆ ಹುಲ್ಲಿನ ಮಧ್ಯೆ ಕಲ್ಲು. ಆಮೇಲೆ ಸಿಲ್ವರ್ ಓಕ್ ಸಾಲಿನ ಕೆಳಗೆ ಬರೀ ಬೇರು. ಅದಾದ ಮೇಲೆ ಜಂಬಿಟ್ಟಿಗೆ ಕಲ್ಲಿನಲ್ಲಿ ಮೂರು ಮೆಟ್ಟಿಲು, ಒಂದೊಂದೂ ಮಂಡಿ ಎತ್ತರ. ಎರಡು ಬರ್ಮ್ (ಹೊರ ಅಂಚು ಎತ್ತರಿಸಿದ ತಿರುವು), ಒಂದು ಸಣ್ಣ ಟೇಬಲ್‌ಟಾಪ್ (ನೆತ್ತಿ ಚಪ್ಪಟೆ ಇರೋ ಮಣ್ಣಿನ ದಿಬ್ಬ, ಹಾರದೆ ಉರುಳಿಸಿಕೊಂಡೂ ಹೋಗಬಹುದು), ಕೊನೆಗೆ ಗಿಡಗಳ ಮಧ್ಯೆ ನೇರ ದಾರಿ. ಅವರಿಬ್ಬರ ಹತ್ತಿರ 160 ಎಂಎಂನ ಫುಲ್ ಸಸ್ಪೆನ್ಶನ್ (ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಇರೋ ಸೈಕಲ್) ಇದೆ.

ದಸರಾ ರಜೆಯಲ್ಲಿ ನಾನೂ ಒಂದು ಸಲ ಇಳಿದೆ. ಬೇರಿನ ಜಾಗದಲ್ಲಿ ಕಾಲು ಪೆಡಲ್ ಮೇಲೆ ನಿಲ್ಲಲೇ ಇಲ್ಲ. ಎರಡನೇ ಮೆಟ್ಟಿಲಲ್ಲಿ ಹಿಂದಿನ ರಿಮ್ ಠಣ್ ಅಂತ ಬಡಿಯಿತು, ಹತ್ತು ಮಾರು ಹೋಗೋದ್ರೊಳಗೆ ಗಾಳಿ ಖಾಲಿ. ಟ್ಯೂಬ್ ಬಿಚ್ಚಿ ನೋಡಿದ್ರೆ ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು. ಕೆಳಗೆ ಬರೋವಾಗ ಬೆರಳು ಮಡಚೋಕೆ ಆಗ್ತಿರಲಿಲ್ಲ.

"ಇದನ್ನ ಮಾರಿ ಫುಲ್ ಸಸ್ಪೆನ್ಶನ್ ತಗೋ, ಇಲ್ಲಾಂದ್ರೆ ಮೇಲೆ ಬರಬೇಡ" ಅಂತಾನೆ ಅತ್ತೆ ಮಗ. ನನ್ನ ಮೇಲಿನ ಕಾಳಜಿಯಿಂದಲೇ ಹೇಳ್ತಾನೆ, ಅದು ಗೊತ್ತು. ಆದರೆ ಅಪ್ಪನ ಕಣ್ಣಿನ ಆಪರೇಷನ್ ಇದೆ, ಈ ವರ್ಷ ಲಕ್ಷಗಟ್ಟಲೆ ಕೊಟ್ಟು ಸೈಕಲ್ ತಗೊಳ್ಳೋ ಮಾತೇ ಇಲ್ಲ. ಆ ಟ್ರ್ಯಾಕ್ ಬಿಡೋಕೂ ಮನಸ್ಸಿಲ್ಲ. ಹಾರ್ಡ್‌ಟೇಲ್‌ನಲ್ಲಿ ಇಂಥ ದಾರಿ ಇಳಿಯೋರು ನಿಜವಾಗಿ ಇದೀರಾ? ನನ್ನ ಸೈಕಲ್ ತಡೆಯುತ್ತಾ? ಮೊದಲು ಏನು ಬದಲಾಯಿಸಲಿ?

ತುರಹಳ್ಳಿ_ಟೈರ್:

ಇದೀವಿ ಗುರು, ಬೇಕಾದಷ್ಟು ಜನ. ಬೆಂಗಳೂರಿನ ತುರಹಳ್ಳಿ, ಅವಲಹಳ್ಳಿ ಕಡೆ ನಾವೆಲ್ಲ ಕಲಿತಿದ್ದೇ ಹಾರ್ಡ್‌ಟೇಲ್ ಮೇಲೆ. ಆದರೆ ನಮ್ಮ ಕಡೆ ಇಳಿಕೆ ಒಂದೆರಡು ನಿಮಿಷಕ್ಕೆ ಮುಗಿದುಹೋಗುತ್ತೆ. ನಿಮ್ಮದು 210 ಮೀಟರ್, ಅದು ಬೇರೆ ಲೆಕ್ಕ. ಥ್ರೂ ಆಕ್ಸಲ್ ಇರೋ ಏರ್ ಫೋರ್ಕ್ ಅಂದ್ರಲ್ಲ, ಒಳ್ಳೇದು. ಸಣಕಲು ಕಾಲಿನ ಸ್ಪ್ರಿಂಗ್ ಫೋರ್ಕ್ ಆಗಿದ್ರೆ ನಾನೇ ಬೇಡ ಅಂತಿದ್ದೆ.

ಹೆಲ್ಮೆಟ್ ಯಾವುದು ಅಂತ ಬರೆದಿಲ್ಲ. ಮಂಡಿ ಎತ್ತರದ ಕಲ್ಲು ಇರೋ ಕಡೆ ಫುಲ್ ಫೇಸ್ ಹೆಲ್ಮೆಟ್, ಮಂಡಿಗೆ ಪ್ಯಾಡ್ ಇಲ್ಲದೆ ಇಳೀಬೇಡಿ. ಮೊದಲ ದುಡ್ಡು ಅದಕ್ಕೇ ಹೋಗಲಿ.

ಸ್ಪೋಕ್‌ಮನೆ:

ಮಾರಾಯ್ರೆ, ಸೈಕಲ್ ಮಾರಬೇಡಿ.

ನಾನು ಚಿಕ್ಕಮಗಳೂರಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು ಹನ್ನೊಂದು ವರ್ಷ ಆಯ್ತು. ನಾನು ಓಡಿಸೋದೂ ಹಾರ್ಡ್‌ಟೇಲೇ. ಭಾನುವಾರ ಅಂಗಡಿ ಬಾಗಿಲು ಹಾಕಿ ಇಂಥದ್ದೇ ತೋಟದ ದಾರಿಗಳಲ್ಲಿ ಇಳೀತೀನಿ. ಹಾಗಾಗಿ ಕೈಯಲ್ಲಿ ಮುಟ್ಟಿ ನೋಡಿದ್ದನ್ನಷ್ಟೇ ಹೇಳ್ತೀನಿ.

ಈ ಆಟ ಶುರುವಾದದ್ದೇ ಸಸ್ಪೆನ್ಶನ್ ಇಲ್ಲದ ಸೈಕಲ್‌ಗಳಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್‌ನಲ್ಲಿ ಗ್ಯಾರಿ ಫಿಷರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ ಇವರ ಗುಂಪು ಗುಡ್ಡದ ಮಣ್ಣುದಾರಿಯಲ್ಲಿ ಟೈಮ್ ಇಟ್ಟು ಇಳಿಯೋಕೆ ಶುರು ಮಾಡಿತು. ದಪ್ಪ ಟೈರಿನ ಹಳೇ ಸೈಕಲ್‌ಗಳು, ಬ್ರೇಕ್ ಅಂದ್ರೆ ಪೆಡಲ್ ಹಿಂದಕ್ಕೆ ತುಳಿದು ಹಿಡಿಯೋ ಹಬ್ ಬ್ರೇಕ್. ಕೆಳಗೆ ಮುಟ್ಟೋ ಹೊತ್ತಿಗೆ ಹಬ್ ಒಳಗಿನ ಗ್ರೀಸ್ ಸುಟ್ಟು ಹೊಗೆ ಬರ್ತಿತ್ತಂತೆ. ಪ್ರತಿ ಸಲ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು, ಅದರಿಂದಲೇ ಆ ದಾರಿಗೆ 'ರಿಪ್ಯಾಕ್' ಅಂತ ಹೆಸರು ಬಂತು. ಸುಮಾರು 400 ಮೀಟರ್ ಇಳಿಕೆ, ನಿಮ್ಮ ತೋಟದ ಎರಡರಷ್ಟು. ರಾಕ್‌ಶಾಕ್ಸ್ ಕಂಪನಿಯ ಮೊದಲ ಸಸ್ಪೆನ್ಶನ್ ಫೋರ್ಕ್ ಮಾರಾಟಕ್ಕೆ ಬಂದದ್ದು 1989ರಲ್ಲಿ. ನಿಮ್ಮ ಮುಂದಿನ 120 ಎಂಎಂ ಅವರಿಗೆ ಕನಸಲ್ಲೂ ಇರಲಿಲ್ಲ.

ಈಗ ನಿಮ್ಮ ಸೈಕಲ್‌ಗೆ ಬರೋಣ. ಇಳಿಕೆಯಲ್ಲಿ ಹಾರ್ಡ್‌ಟೇಲ್‌ನ ಕಷ್ಟವೆಲ್ಲ ಹಿಂದಿನ ಚಕ್ರದಲ್ಲೇ ಇರೋದು. ನಿಮಗೆ ಆದ ಮೂರೂ ತೊಂದರೆ, ಪಂಚರ್, ಕಾಲು ಜಾರಿದ್ದು, ಕೈ ಮರಗಟ್ಟಿದ್ದು, ಒಂದೇ ಬೇರಿನವು. ಹಿಂದಿನ ಚಕ್ರ ನೆಲ ಬಿಟ್ಟು ಕುಣೀತಿದೆ. ಕುಣಿಯೋ ಚಕ್ರಕ್ಕೆ ಬ್ರೇಕ್ ಹಿಡಿದ್ರೆ ಅದು ಗಾಳಿಯಲ್ಲಿದ್ದಾಗ ನಿಂತುಹೋಗುತ್ತೆ, ನೆಲ ಮುಟ್ಟಿದಾಗ ಜಾರುತ್ತೆ. ಜಾರ್ತು ಅಂತ ನೀವು ಹೆದರಿ ಇನ್ನೂ ಗಟ್ಟಿಯಾಗಿ ಹಿಡೀತೀರಿ. ಬೆರಳು ಮರಗಟ್ಟೋದು ಹೀಗೇ.

ಅದಕ್ಕೆ ನಾನು ಎಲ್ಲರಿಗೂ ಮೊದಲು ಹೇಳೋದು ಇದನ್ನೇ: ನಯವಾದ ಜಾಗದಲ್ಲಿ ಬ್ರೇಕ್ ಹಿಡೀರಿ, ಒರಟು ಜಾಗದಲ್ಲಿ ಬಿಡಿ. ಸಿಲ್ವರ್ ಓಕ್ ಬೇರು ಶುರುವಾಗೋ ಮುಂಚೆ ನಾಲ್ಕೈದು ಮೀಟರ್ ಮಣ್ಣು ಇದ್ದೇ ಇರುತ್ತೆ. ಅಲ್ಲೇ ಎಷ್ಟು ನಿಧಾನ ಆಗಬೇಕೋ ಅಷ್ಟು ಆಗಿ. ಬೇರಿನ ಮೇಲೆ ಎರಡೂ ಲಿವರ್ ಬಿಟ್ಟು ಉರುಳೋಕೆ ಬಿಡಿ. ಬೇರು ಓರೆಯಾಗಿ ಬಿದ್ದಿದ್ರೆ ಆದಷ್ಟು ನೇರವಾಗಿ ದಾಟಿ. ಒದ್ದೆ ಇದ್ದಾಗ ಇದರಲ್ಲಿ ರಾಜಿಯೇ ಇಲ್ಲ, ಓರೆ ಬೇರಿನ ಮೇಲೆ ಬ್ರೇಕ್ ಹಿಡಿದವನು ಬಿದ್ದ ಹಾಗೇ ಲೆಕ್ಕ.

ಕಾಲು. ಎರಡೂ ಪೆಡಲ್ ಸಮಕ್ಕೆ ಇರಲಿ, ಹಿಮ್ಮಡಿ ಕೆಳಗೆ ಇಳಿದಿರಲಿ. ಹಿಮ್ಮಡಿ ಮೇಲಿದ್ರೆ ಪ್ರತಿ ಏಟಿಗೂ ಪಾದ ಪೆಡಲ್‌ನಿಂದ ಮುಂದಕ್ಕೆ ಜಾರುತ್ತೆ. ಕೆಳಗಿದ್ರೆ ಅದೇ ಏಟು ಪಾದವನ್ನ ಪೆಡಲ್‌ಗೆ ಒತ್ತುತ್ತೆ. ಪಿನ್ ಇರೋ ಅಗಲದ ಫ್ಲ್ಯಾಟ್ ಪೆಡಲ್ ಹಾಕಿಸಿ, ಜೊತೆಗೆ ಚಪ್ಪಟೆ ರಬ್ಬರ್ ಅಡಿಯ ಶೂ. ಮಂಡಿ, ಸೊಂಟ ಸಡಿಲ ಬಿಡಿ. ಫುಲ್ ಸಸ್ಪೆನ್ಶನ್‌ನವರ ಹಿಂದಿನ ಶಾಕ್ ಮಾಡೋ ಕೆಲಸ ನಿಮ್ಮ ತೊಡೆ ಮಾಡಬೇಕು, ಅದು ಮಾಡುತ್ತೆ ಕೂಡ. ಆದರೆ ತುಂಬಾ ಹಿಂದಕ್ಕೆ ಹೋಗಿ ಟೈರ್ ಮೇಲೆ ಕೂತ ಹಾಗೆ ನಿಲ್ಲಬೇಡಿ, ಮುಂದಿನ ಚಕ್ರದ ಮೇಲೆ ಭಾರ ಇಲ್ಲದಿದ್ರೆ ತಿರುವಿನಲ್ಲಿ ಅದು ಹೇಳಿದ ಮಾತು ಕೇಳಲ್ಲ.

ಸೀಟ್ ತಗ್ಗಿಸಿಕೊಳ್ಳಿ. ಡ್ರಾಪರ್‌ಗೆ ದುಡ್ಡಿಲ್ಲ ಅಂದ್ರೆ ಮೇಲೆ ನಿಂತು ಕ್ಲಾಂಪ್ ಬಿಚ್ಚಿ ಕೈಯಲ್ಲೇ ಪೂರ್ತಿ ಕೆಳಗೆ ಒತ್ತಿ. ಹೇಗೂ ಮೇಲಕ್ಕೆ ತಳ್ಳಿಕೊಂಡೇ ಹೋಗ್ತೀರಿ ಅಲ್ವಾ.

ಟೈರ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೀತೀನಿ, ನಿಮ್ಮ ದುಡ್ಡು ಹೋಗಬೇಕಾದದ್ದು ಅಲ್ಲೇ. ಹಿಂದಕ್ಕೆ 2.4 ಟೈರ್, ಪಕ್ಕದ ಗೋಡೆ ದಪ್ಪ ಇರೋ ಜಾತಿ. ತರಿಸೋ ಮುಂಚೆ ಫ್ರೇಮ್‌ನಲ್ಲಿ ಜಾಗ ನೋಡಿ, ಟೈರ್‌ಗೂ ಅದರ ಪಕ್ಕದ ಚೈನ್‌ಸ್ಟೇ ಕೊಳವೆಗೂ ಮಧ್ಯೆ ಎರಡೂ ಕಡೆ ಪೆನ್ಸಿಲ್ ತೂರುವಷ್ಟು ಜಾಗ ಬೇಕು, ನಮ್ಮ ಕಡೆ ಮಣ್ಣು ಅಂಟೋದು ನಿಮಗೆ ಗೊತ್ತೇ ಇದೆ. ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಮಾಡಿಸಿ. ನಿಮ್ಮ ಎರಡು ತೂತಿನ ಪಂಚರ್ ಆಗೋದು ಟ್ಯೂಬ್ ಕಲ್ಲಿಗೂ ರಿಮ್ಮಿನ ಅಂಚಿಗೂ ಮಧ್ಯೆ ಸಿಕ್ಕಿಹಾಕಿಕೊಂಡಾಗ. ಟ್ಯೂಬೇ ಇಲ್ಲದಿದ್ರೆ ಸಿಕ್ಕಿಕೊಳ್ಳೋಕೆ ಏನಿದೆ? ಆದರೆ ರಿಮ್ ಬಡಿಯೋದು ಇದ್ದೇ ಇರುತ್ತೆ. ಅದಕ್ಕೆ ಹಿಂದಿನ ಟೈರ್ ಒಳಗೆ ಫೋಮ್ ಇನ್ಸರ್ಟ್ ಹಾಕಿಸಿದ್ರೆ ಇನ್ನೂ ಒಳ್ಳೇದು. ನಿಮ್ಮ ತೂಕಕ್ಕೆ ಹಿಂದೆ 27, ಮುಂದೆ 23 ಪಿಎಸ್ಐಯಿಂದ ಶುರು ಮಾಡಿ. ರಿಮ್ ಬಡಿದ ಸದ್ದು ಬಂದ್ರೆ ಒಂದೊಂದೇ ಪಿಎಸ್ಐ ಏರಿಸಿ. ಬೆರಳಲ್ಲಿ ಅಮುಕಿ ನೋಡೋದು ಸಾಲದು, ಗೇಜ್ ಇಟ್ಟು ಅಳೀರಿ.

ಫೋರ್ಕ್. ನೀವು ಪೆಡಲ್ ಮೇಲೆ ನಿಂತಾಗ ನಿಮ್ಮ ಭಾರಕ್ಕೆ 120ರಲ್ಲಿ 25ರಿಂದ 30 ಎಂಎಂ ಕೆಳಗೆ ಕೂರಬೇಕು. ಇಲ್ಲೊಂದು ವಿಷಯ ಅಂಗಡಿಗೆ ಬರೋ ಹುಡುಗರಿಗೆ ಸುಲಭವಾಗಿ ಅರ್ಥ ಆಗಲ್ಲ. ಫುಲ್ ಸಸ್ಪೆನ್ಶನ್‌ನಲ್ಲಿ ಮುಂದೆ ಹಿಂದೆ ಎರಡೂ ಕೂರುತ್ತೆ, ಹೆಡ್ ಆಂಗಲ್ ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ಹಾರ್ಡ್‌ಟೇಲ್‌ನಲ್ಲಿ ಕೂರೋದು ಮುಂದೆ ಮಾತ್ರ. ಫೋರ್ಕ್ 20 ಎಂಎಂ ಕೂತರೆ ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತೆ. ನಿಮ್ಮ 67 ಡಿಗ್ರಿ ಇಳಿಯೋವಾಗ 68ರ ಮೇಲೆ ಇರುತ್ತೆ, ಮೆಟ್ಟಿಲಿಂದ ಇಳಿದು ಫೋರ್ಕ್ ಪೂರ್ತಿ ಒತ್ತಿದಾಗ ಇನ್ನೂ ನೆಟ್ಟಗೆ. ಆಗಲೇ ಹ್ಯಾಂಡಲ್ ಮೇಲಿಂದ ಎಸೆದ ಹಾಗೆ ಅನ್ನಿಸೋದು. ಮೆತ್ತಗಿರಲಿ ಅಂತ ಗಾಳಿ ಕಡಿಮೆ ಮಾಡಿಕೊಂಡು ಬರೋರಿದ್ದಾರೆ. ಹಾರ್ಡ್‌ಟೇಲ್‌ಗೆ ಅದು ತಪ್ಪು, ಸ್ವಲ್ಪ ಬಿಗಿಯಾಗೇ ಇರಬೇಕು.

ಆ ಎರಡನೇ ಮೆಟ್ಟಿಲು. ಮೊದಲು ನಡೆದುಕೊಂಡು ಹೋಗಿ ಅದರ ಮುಂದೆ ಕೂತು ನೋಡಿ. ಮೂಲೆ ಎಲ್ಲಿ ಸವೆದಿದೆ, ಎಲ್ಲಿ ಚೂಪಾಗಿದೆ ನೋಡಿ. ಜಂಬಿಟ್ಟಿಗೆ ಮಳೆಗೆ ಸವೆಯೋ ಕಲ್ಲು, ಒಂದಲ್ಲ ಒಂದು ಕಡೆ ದುಂಡಾಗಿರುತ್ತೆ. ನಿಮ್ಮ ದಾರಿ ಅದು. ಫುಲ್ ಸಸ್ಪೆನ್ಶನ್‌ನವರು ಮಧ್ಯದಲ್ಲಿ ನೇರ ಇಳೀತಾರೆ, ಅವರ ಹಿಂದೆ ಹೋಗಬೇಡಿ. ಮುಂದಿನ ಚಕ್ರ ಅಂಚು ಬಿಡೋವಾಗ ಕೈ ಮುಂದಕ್ಕೆ ಚಾಚಿ ಹ್ಯಾಂಡಲ್ ಕೆಳಗೆ ಹೋಗೋಕೆ ಬಿಡಿ. ಅದು ನೆಲ ಮುಟ್ಟಿದ ತಕ್ಷಣ ಪಾದದಿಂದ ಪೆಡಲ್ ಹಿಂದಕ್ಕೆ ಗೀರಿ, ಕಾಲು ಮೇಲಕ್ಕೆ ಎಳೆದುಕೊಳ್ಳಿ. ಹಿಂದಿನ ಚಕ್ರ ಹಗುರಾಗಿ ಅಂಚು ದಾಟುತ್ತೆ. ಇದನ್ನ ಮನೆ ಮುಂದಿನ ಒಂದು ಮೆಟ್ಟಿಲಲ್ಲಿ ನೂರು ಸಲ ಮಾಡಿ ಆಮೇಲೆ ತೋಟಕ್ಕೆ ಹೋಗಿ.

ಕೊನೇದು ಫ್ರೇಮ್. ಹೋದ ವರ್ಷ ಒಬ್ಬ ಹುಡುಗ ಬರೀ ಗೇರ್ ಸೆಟ್ ಮಾಡಿಸೋಕೆ ಸೈಕಲ್ ತಂದಿದ್ದ. ಹೆಡ್ ಟ್ಯೂಬ್ (ಹ್ಯಾಂಡಲ್ ಕೂರೋ ಮುಂದಿನ ಕೊಳವೆ) ಕೆಳಗಿನ ಕೆಸರು ಬಟ್ಟೆಯಲ್ಲಿ ಒರೆಸಿದಾಗ ವೆಲ್ಡಿಂಗ್ ಪಕ್ಕ ಕೂದಲೆಳೆಯಂಥ ಗೆರೆ ಕಾಣಿಸಿತು. ಗೀಚು ಅಂತಲೇ ಅಂದುಕೊಂಡೆ. ಉಗುರು ಆಡಿಸಿ ನೋಡಿದೆ, ಉಗುರು ಸಿಕ್ಕಿಹಾಕಿಕೊಂಡಿತು. ಮುಂದಿನ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿದ್ರೆ ಆ ಗೆರೆ ತೆರೆದುಕೊಳ್ತಿತ್ತು, ಬಿಟ್ಟರೆ ಮುಚ್ಚಿಕೊಳ್ತಿತ್ತು. ಅವನು ಮರುದಿನ ಗುಡ್ಡಕ್ಕೆ ಹೋಗೋನಿದ್ದ. ಆ ಫ್ರೇಮ್ ಮಣ್ಣುರಸ್ತೆಯಲ್ಲಿ ಓಡಾಡೋಕೆ ಮಾಡಿದ್ದು, ಹಾರೋಕೆ ಅಲ್ಲ. ನಿಮ್ಮ ಸೈಕಲ್ ಜೊತೆ ಬಂದ ಪುಸ್ತಕದಲ್ಲಿ ಯಾವ ಬಳಕೆಗೆ ಮಾಡಿದ್ದು, ಎಷ್ಟು ಎತ್ತರದವರೆಗೆ ಹಾರಿಸಬಹುದು ಅಂತ ಬರೆದಿರುತ್ತೆ. ಅದನ್ನ ಓದಿ, ಮೀರಬೇಡಿ. ಪ್ರತಿ ಸಲ ತೊಳೆದ ಮೇಲೆ ಎಲ್ಲ ವೆಲ್ಡಿಂಗ್ ಮೇಲೆ ಉಗುರು ಆಡಿಸಿ.

ಹಿಂದಿನ 160 ರೋಟರ್ ಸದ್ಯಕ್ಕೆ ಇರಲಿ. ಬ್ರೇಕ್ ಸದಾ ಸವರಿಕೊಂಡು ಬಂದ್ರೆ ಯಾವ ರೋಟರ್ ಆದ್ರೂ ಕಾದುಹೋಗುತ್ತೆ. ಸ್ವಲ್ಪ ಹೊತ್ತು ಜೋರಾಗಿ ಹಿಡಿದು ಪೂರ್ತಿ ಬಿಡೋದು ಕಲೀರಿ.

ಕೊಡಗಿನವಳು:

ಸ್ಪೋಕ್‌ಮನೆ ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಒಂದು ಮಾತು ಸೇರಿಸಲೇಬೇಕು. ನಾನು ಐದು ವರ್ಷ ಹಾರ್ಡ್‌ಟೇಲ್‌ನಲ್ಲೇ ಇಳಿದೆ. ಸೊಂಟ ನೋವು ಶುರುವಾದಾಗ ಎಂಟು ತಿಂಗಳು ಅಲಕ್ಷ್ಯ ಮಾಡಿದೆ, ಕೊನೆಗೆ ಬಗ್ಗಿ ಬಕೆಟ್ ಎತ್ತೋಕೂ ಆಗಲಿಲ್ಲ. ಈಗ ಮಾರಿ ಫುಲ್ ಸಸ್ಪೆನ್ಶನ್ ತಗೊಂಡಿದೀನಿ. ನಿಮಗೆ ಬೆನ್ನಿನ ತೊಂದರೆ ಮೊದಲೇ ಇದ್ದರೆ ಡಾಕ್ಟರ್ ಕೇಳದೆ ಇಳೀಬೇಡಿ.

ಮತ್ತೆ ಆನೆ. ನಮ್ಮ ಕಡೆ ತೋಟದೊಳಗೆ ಆನೆ ಬರೋದು ಮಾಮೂಲು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ನಡೆದುಕೊಂಡು ಬರೋರ ಸದ್ದು ಅದಕ್ಕೆ ಮೊದಲೇ ಗೊತ್ತಾಗುತ್ತೆ. ಸೈಕಲ್ ಹಾಗಲ್ಲ, ತಿರುವಿನಲ್ಲಿ ಒಮ್ಮೆಲೇ ಎದುರಾಗ್ತೀರಿ. ಬೆಳಗ್ಗೆ ತೋಟದ ಆಳುಗಳನ್ನ ಕೇಳಿ, ಬಿಸಿಲು ಏರಿದ ಮೇಲೆ ಹೋಗಿ. ಹಣ್ಣು ಕೊಯ್ಯೋ ಕಾಲ ಶುರುವಾಗ್ತಿದೆ, ಗಿಡದ ಮಧ್ಯೆ ಹೆಂಗಸರು ಬಗ್ಗಿ ಕೆಲಸ ಮಾಡ್ತಿರ್ತಾರೆ. ಆ ಕೊನೆಯ ನೇರ ದಾರಿಯಲ್ಲಿ ಒಬ್ಬರನ್ನ ಮೊದಲೇ ಕಳಿಸಿ ನಿಲ್ಲಿಸಿ. ಕೆಲಸದ ದಿನ ಇಳಿಯದೇ ಇದ್ದರೆ ಇನ್ನೂ ಒಳ್ಳೇದು.

ಪಡುವಣತೀರ:

ನಾನು ಶಿವಮೊಗ್ಗದವನು, ಈಗ ಕೆನಡಾದ ಸ್ಕ್ವಾಮಿಶ್‌ನಲ್ಲಿದೀನಿ. ಇಲ್ಲಿಂದ ವಿಸ್ಲರ್ ಬೈಕ್ ಪಾರ್ಕ್ ಒಂದು ಗಂಟೆ ದಾರಿಯೂ ಇಲ್ಲ. ಚೇರ್‌ಲಿಫ್ಟ್‌ಗೆ ಸೈಕಲ್ ತಗಲಿಸಿ ಮೇಲೆ ಹೋಗೋದು, ಇಳಿಯೋದು. 1999ರಿಂದ ನಡೀತಿದೆ. ಹತ್ತರಲ್ಲಿ ಒಂಬತ್ತು ಜನ ಫುಲ್ ಸಸ್ಪೆನ್ಶನ್‌ನವರೇ ಕಾಣ್ತಾರೆ, ನನ್ನದು 140 ಎಂಎಂ ಫೋರ್ಕ್‌ನ ಸ್ಟೀಲ್ ಹಾರ್ಡ್‌ಟೇಲ್.

ಇಲ್ಲಿ ನಾನು ಕಲಿತದ್ದು: ಹಾರ್ಡ್‌ಟೇಲ್‌ಗೆ ದೊಡ್ಡ ಕಲ್ಲಿಗಿಂತ ಸಣ್ಣ ಸಣ್ಣ ಏರಿಳಿತವೇ ಕಷ್ಟ. ಬರ್ಮ್ ಮುಂಚೆ ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಹಿಡಿದು ಹಿಡಿದು ನೆಲ ಮಾಡಿನ ಸಿಮೆಂಟ್ ಶೀಟ್ ಥರ ಆಗಿಬಿಡುತ್ತೆ. ಬೇಸಿಗೆ ಮಧ್ಯದಲ್ಲಿ ಅದರ ಮೇಲೆ ಇಳಿದ್ರೆ ಕಣ್ಣಿನ ಗುಡ್ಡೆ ನಡುಗಿ ದಾರಿಯೇ ಕಾಣಲ್ಲ. ನಾನು ಆ ಜಾಗಗಳಲ್ಲಿ ಅಂಚಿಗೆ ಹೋಗ್ತೀನಿ, ಅಲ್ಲಿ ಮಣ್ಣು ಇನ್ನೂ ನಯವಾಗಿರುತ್ತೆ. ಸ್ಕ್ವಾಮಿಶ್‌ನ ಗ್ರಾನೈಟ್ ಬಂಡೆಗಳ ಮೇಲೆ ಇಳಿಯೋದಕ್ಕೆ ಇದೇ ಸೈಕಲ್ ಎಷ್ಟು ಹಿತ ಗೊತ್ತಾ! ಬಂಡೆ ಎಷ್ಟೇ ಕಡಿದಾಗಿರಲಿ ಮೈ ನಯ, ಹಿಂದಿನ ಟೈರ್ ಏನು ಹೇಳ್ತಿದೆ ಅನ್ನೋದು ಪಾದಕ್ಕೆ ನೇರ ಗೊತ್ತಾಗುತ್ತೆ.

ಇನ್ನೊಂದು, ಎಷ್ಟು ಸಲ ಇಳಿದೆ ಅಂತ ಲೆಕ್ಕ ಇಡಿ. ಗೆಳೆಯರು ಹತ್ತು ಸಲ ಇಳಿಯೋ ದಿನ ನಾನು ಆರಕ್ಕೆ ನಿಲ್ಲಿಸ್ತೀನಿ. ಎರಡು ವರ್ಷದ ಹಿಂದೆ "ಇನ್ನೊಂದೇ ಒಂದು" ಅಂತ ಏಳನೇ ಸಲ ಹೋಗಿ ತೊಡೆಯಲ್ಲಿ ಶಕ್ತಿ ಇಲ್ಲದೆ, ಸುಲಭದ ಹಸಿರು ದಾರಿಯಲ್ಲೇ ಬಿದ್ದು ಕಾಲರ್ ಬೋನ್ ಮುರಿದುಕೊಂಡೆ. ಅಮ್ಮನಿಗೆ ಫೋನಲ್ಲಿ ಹೇಳೋಕೆ ಮೂರು ದಿನ ಬೇಕಾಯ್ತು. ನಿಮ್ಮ ತೋಟದಲ್ಲಿ ತಳ್ಳಿಕೊಂಡು ಹತ್ತಬೇಕಲ್ಲ, ಆ ಹೊತ್ತಲ್ಲಿ ಕೈಗೆ ವಿಶ್ರಾಂತಿ ಸಿಗುತ್ತೆ. ಕಾಲಿಗೆ ಸಿಗಲ್ಲ.

ಕಳಸದಕಡೆಯವ:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಬಿಟ್ಟು ಬರೀತಿದೀನಿ, ನಿನ್ನೆ ಭಾನುವಾರ ಇಳಿದು ಬಂದೆ.

ಹಿಂದಕ್ಕೆ ದಪ್ಪ ಗೋಡೆಯ 2.4 ಹಾಕಿಸಿದೆ, ಎರಡೂ ಚಕ್ರ ಟ್ಯೂಬ್‌ಲೆಸ್. ಪಿನ್ ಪೆಡಲ್, ಮಂಡಿ ಪ್ಯಾಡ್ ತಗೊಂಡೆ. ಫುಲ್ ಫೇಸ್ ಹೆಲ್ಮೆಟ್ ಅತ್ತೆ ಮಗನ ಹಳೇದು, ಅಳತೆ ಸರಿಯಾಗಿ ಕೂತಿದೆ, ಬಿದ್ದ ಹೆಲ್ಮೆಟ್ ಅಲ್ಲ. ಇನ್ಸರ್ಟ್ ಮುಂದಿನ ತಿಂಗಳು. ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಮುಂದಿನ ಮೆಟ್ಟಿಲಲ್ಲಿ ರಾತ್ರಿ ಊಟ ಆದ ಮೇಲೆ ದಿನಾ ಇಪ್ಪತ್ತು ಸಲ ಇಳಿದೆ. ವಾಚ್‌ಮನ್ ಅಂಕಲ್ ಮೊದಲು ಬೈದರು, ಆಮೇಲೆ ಕುರ್ಚಿ ಹಾಕಿಕೊಂಡು ಎಣಿಸೋಕೆ ಶುರು ಮಾಡಿದರು. ಬೆನ್ನಿಗೆ ಏನೂ ತೊಂದರೆ ಇಲ್ಲ, ಕೇಳಿದ್ದಕ್ಕೆ ಅಕ್ಕನಿಗೆ ಥ್ಯಾಂಕ್ಸ್.

ಮೊದಲು ಪೂರ್ತಿ ಟ್ರ್ಯಾಕ್ ನಡೆದೆ. ಎರಡನೇ ಮೆಟ್ಟಿಲ ಮುಂದೆ ಕೂತು ನೋಡಿದಾಗ ಎಡಗಡೆ ಮೂಲೆ ನಿಜವಾಗಿ ಸವೆದು ಇಳಿಜಾರಾಗಿತ್ತು. ಮೇಲೆ ಒಣ ಎಲೆ ಬಿದ್ದಿದ್ದರಿಂದ ದಸರಾದಲ್ಲಿ ಕಂಡಿರಲೇ ಇಲ್ಲ. ಕೈಯಲ್ಲಿ ಎಲೆ ಸರಿಸಿದೆ, ಕೆಂಪು ಪುಡಿ ಅಂಗೈಗೆ ಹತ್ತಿತು.

ಬೇರಿನ ಜಾಗದಲ್ಲಿ ಬ್ರೇಕ್ ಬಿಡೋಕೆ ಬೆರಳು ಒಪ್ಪಲಿಲ್ಲ. ಮೊದಲ ಸಲ ಅರ್ಧ ದಾರಿಗೆ ಹಿಡಿದೇಬಿಟ್ಟೆ, ಹಿಂದಿನ ಚಕ್ರ ಬಲಕ್ಕೆ ಜಾರಿತು, ಕಾಲು ಕೊಟ್ಟು ನಿಂತೆ. ಎರಡನೇ ಸಲ ಬಿಟ್ಟೆ. ಸದ್ದು ಭಯಂಕರ ಇತ್ತು, ಚೈನ್ ಪಟಪಟ ಬಡೀತಿತ್ತು, ಆದರೆ ಸೈಕಲ್ ನೇರ ಹೋಯ್ತು! ಅದನ್ನ ಹೇಗೆ ಬರೀಲಿ, ಆ ಹದಿನೈದು ಮೀಟರ್ ದಾಟಿದ ಮೇಲೆ ಜೋರಾಗಿ ಕೂಗಿಬಿಟ್ಟೆ. ಮೆಟ್ಟಿಲು ಮೂರೂ ಎಡಗಡೆಯಿಂದ ಇಳಿದೆ, ರಿಮ್ ಬಡಿಯಲಿಲ್ಲ. ಟೇಬಲ್‌ಟಾಪ್ ಉರುಳಿಸಿಕೊಂಡೇ ಹೋದೆ. ಒಟ್ಟು 4 ನಿಮಿಷ 10 ಸೆಕೆಂಡ್. ಅತ್ತೆ ಮಗ 2:50ಕ್ಕೆ ಇಳೀತಾನೆ. ಮೂರು ಸಲಕ್ಕೆ ನಿಲ್ಲಿಸಿದೆ, ತೊಡೆ ನಡುಗ್ತಿತ್ತು. ಕಣದ ಕಟ್ಟೆ ಮೇಲೆ ಕೂತಾಗ ಅವನು ನನ್ನ ಸೈಕಲ್ ತಗೊಂಡು ಮೇಲಕ್ಕೆ ಹೋದ. ಕೆಳಗೆ ಬಂದು ಏನೂ ಹೇಳಲಿಲ್ಲ, ಮತ್ತೊಂದು ಸಲ ಹೋದ.

ಒಂದು ಪ್ರಶ್ನೆ ಉಳಿದಿದೆ. ಮನೆಗೆ ಬಂದು ತೊಳೆದು ವೆಲ್ಡಿಂಗ್ ಎಲ್ಲ ಉಗುರಲ್ಲಿ ನೋಡಿದೆ, ಏನೂ ಇಲ್ಲ. ಆದರೆ ಹಿಂದಿನ ಚಕ್ರ ತುಳಿಯೋವಾಗ ಟಿಕ್ ಟಿಕ್ ಅಂತಿದೆ. ಕೈಯಲ್ಲಿ ತಿರುಗಿಸಿದ್ರೆ ಸದ್ದಿಲ್ಲ.

ಸ್ಪೋಕ್‌ಮನೆ:

ಭಲೇ! ಓದಿ ಬಹಳ ಖುಷಿ ಆಯ್ತು.

ಭಾರ ಬಿದ್ದಾಗ ಮಾತ್ರ ಸದ್ದು ಅಂದ್ರೆ ಬಹುಶಃ ಸ್ಪೋಕ್. ಚಕ್ರದ ಒಂದು ಪಕ್ಕದಲ್ಲಿ ಎರಡೆರಡು ಸ್ಪೋಕ್ ಜೊತೆ ಹಿಡಿದು ಅಂಗೈಯಲ್ಲಿ ಹಿಂಡುತ್ತಾ ಸುತ್ತ ಬನ್ನಿ, ಆಮೇಲೆ ಇನ್ನೊಂದು ಪಕ್ಕ. ಎಡಕ್ಕೂ ಬಲಕ್ಕೂ ಬಿಗಿ ಬೇರೆ ಇರೋದು ಸಹಜ, ಆದರೆ ಒಂದೇ ಪಕ್ಕದಲ್ಲಿ ಯಾವುದೋ ಒಂದು ಜೊತೆ ಉಳಿದವಕ್ಕಿಂತ ಮೆತ್ತಗಿದ್ರೆ ಅದೇ. ಹೊಸದಾಗಿ ಇಳಿಯೋಕೆ ಶುರು ಮಾಡಿದ ಹಿಂದಿನ ಚಕ್ರದಲ್ಲಿ ಹೀಗಾಗುತ್ತೆ. ಸ್ಪೋಕ್ ಕೀ ಇದ್ರೆ ಕಾಲು ಸುತ್ತು ಬಿಗಿ ಮಾಡಿ ನೋಡಿ, ಅದಕ್ಕಿಂತ ಜಾಸ್ತಿ ಬೇಡ, ರಿಮ್ ಬೆಂಡ್ ಆಗುತ್ತೆ. ಹಿಂಡೋವಾಗಲೂ ಸದ್ದು ಬರದಿದ್ರೆ ಪೆಡಲ್, ಕ್ರ್ಯಾಂಕ್ ಬೋಲ್ಟ್ ನೋಡಿ. ಗೊತ್ತಾಗದಿದ್ರೆ ಊರಿಗೆ ಬರೋ ದಾರಿಯಲ್ಲಿ ಅಂಗಡಿಗೆ ಬನ್ನಿ, ಒಂಬತ್ತು ಗಂಟೆಗೆ ತೆಗೀತೀನಿ. ಬರೋವಾಗ ಚಕ್ರ ತೊಳೆದು ತನ್ನಿ.